ನಂದಳಿಕೆಯ ಮುದ್ದಣ: ಚಿಂತೆಯೂ ಕ್ಷಯವೂ



ಮಳೆಗಾಲ ಹಿಡಿಯಿತೆಂದರೆ ಬಂದ್ಯೋಡು, ಕುಂಬಳೆ, ಉಪ್ಪಳದ ಕಡೆ ಮನೆಮನೆಯಲ್ಲೂ ಕೆಮ್ಮು ಕೇಳುತ್ತದೆ. ಹೆಚ್ಚಿನವು ವಾರದೊಳಗೆ ಹೋಗಿಬಿಡುತ್ತವೆ. ಹೋಗದೆ ಉಳಿದ ಕೆಮ್ಮಿಗೆ ನಮ್ಮ ಹಿರಿಯರು ಕೊಡುತ್ತಿದ್ದ ಕಾರಣ ಒಂದೇ, ಮನಸ್ಸಿಗೆ ಹಚ್ಚಿಕೊಂಡದ್ದು. ಮಗಳ ಮದುವೆ ಮುರಿದದ್ದು, ಪಾಲುಪಟ್ಟಿಯ ಜಗಳ, ಕೊಲ್ಲಿಗೆ ಹೋದ ಮಗನ ಕಾಗದ ಬಾರದ್ದು. ಚಿತೆಗೂ ಚಿಂತೆಗೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂದು ಹೇಳಿ ಅವರು ಮಾತು ಮುಗಿಸುತ್ತಿದ್ದರು. ಇದರಲ್ಲಿ ನಿಜವೆಷ್ಟು, ಹುಸಿಯೆಷ್ಟು ಎಂದು ನೋಡಲು ನಮ್ಮ ಕರಾವಳಿಯದೇ ಒಬ್ಬ ಕವಿಯ ಬದುಕು ಇದೆ. ಅವನು ಕ್ಷಯದಿಂದ ತೀರಿಕೊಂಡಾಗ ವಯಸ್ಸು 31. ಬಡತನವೂ ಮನೋವ್ಯಥೆಯೂ ಅವನನ್ನು ತಿಂದುಹಾಕಿದವು ಎಂದು ಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಅವನೇ ಮುದ್ದಣ.

ಕವಿಯನ್ನು ಏಕವಚನದಲ್ಲಿ ಹೇಳುವುದು ನಮ್ಮ ರೂಢಿ. ಮುದ್ದಣನ ವಿಷಯದಲ್ಲಂತೂ ಬೇರೆ ದಾರಿಯೇ ಇಲ್ಲ. ಅದು ತಾಯಿ ಮಗನನ್ನು ಕರೆಯುತ್ತಿದ್ದ ಮುದ್ದಿನ ಹೆಸರು, ಅದಕ್ಕೆ ಬಹುವಚನ ಹಚ್ಚಿದರೆ ಮುದ್ದೇ ಹೋಗುತ್ತದೆ. ಇಟ್ಟ ಹೆಸರು ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರ ಜನವರಿ 24ರಂದು, ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ. ತಂದೆ ಪಾಟಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಆಗ ನಂದಳಿಕೆಯೂ ನಮ್ಮ ಬಂದ್ಯೋಡೂ ಒಂದೇ ಜಿಲ್ಲೆಯಲ್ಲಿದ್ದವು, ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕಿಗೂ ಅದೇ ಜಿಲ್ಲೆ, ಅದೇ ಮಂಗಳೂರಿನ ಕಲೆಕ್ಟರರ ಕಚೇರಿ. ಆದ್ದರಿಂದ ಮುದ್ದಣನನ್ನು ಗಡಿಯಾಚೆಯ ಕವಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅವನು ಬದುಕಿದ್ದಾಗ ಆ ಗಡಿಯೇ ಇರಲಿಲ್ಲ.

ಮನೆಯಲ್ಲಿ ಬಡತನ. ಊರಿನ ಶಾಲೆ ಮುಗಿದ ಮೇಲೆ ಹುಡುಗ ಓದಲು ಉಡುಪಿಗೆ ಹೋದ. ಇಂಗ್ಲಿಷ್ ಕಲಿತು ದೊಡ್ಡ ಪರೀಕ್ಷೆ ಪಾಸು ಮಾಡಿ ಸರಕಾರಿ ಕೆಲಸ ಹಿಡಿಯುವುದು ಆ ಕಾಲದ ಬುದ್ಧಿವಂತ ಹುಡುಗರ ದಾರಿ. ಆ ದಾರಿಯ ಖರ್ಚು ಈ ಮನೆಗೆ ಹೊರೆಯಾಯಿತು. ಬೇಗ ಸಂಬಳ ತರುವ ವಿದ್ಯೆ ಬೇಕಿತ್ತು. ಅವನು ಮದ್ರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ ಬಂದ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಹಾಗಾಗಿ ಇದು ರೈಲು ಬರುವ ಎಷ್ಟೋ ವರ್ಷ ಹಿಂದಿನ ಮಾತು. ಆ ಕಾಲದಲ್ಲಿ ನಂದಳಿಕೆಯ ಹುಡುಗನೊಬ್ಬ ಮದ್ರಾಸಿಗೆ ಹೋಗಿಬರುವುದೆಂದರೆ ಇವತ್ತಿನ ದುಬೈ ಪ್ರಯಾಣಕ್ಕಿಂತ ದೊಡ್ಡ ಸಾಹಸ. ಆಮೇಲೆ ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮದ ಮೇಷ್ಟ್ರಾದ. ಎದೆಯುಬ್ಬಿಸಿ ಉಸಿರೆಳೆಯಲು ಮಕ್ಕಳಿಗೆ ಕಲಿಸುವ ಕೆಲಸ ಅದು. ಕೊನೆಗೆ ಆ ಮೇಷ್ಟ್ರ ಎದೆಯನ್ನೇ ರೋಗ ಹಿಡಿಯಿತು.

ಕಸರತ್ತಿನ ಮೇಷ್ಟ್ರಿಗೆ ಹಳಗನ್ನಡದ ಹುಚ್ಚು ಹಿಡಿಸಿದವರು ಉಡುಪಿಯಲ್ಲಿ ಕನ್ನಡ ಕಲಿಸುತ್ತಿದ್ದ ಮಳಲಿ ಸುಬ್ಬರಾಯರು. ಅವರಲ್ಲಿ ಪುಸ್ತಕಗಳಿದ್ದವು, ತಿಳಿದವರ ಮಾತಿತ್ತು. ಪದವಿಯಿಲ್ಲದ ಯುವಕನಿಗೆ ಹಳೆಯ ಕಾವ್ಯಗಳ ಬಾಗಿಲು ತೆರೆದದ್ದು ಅಲ್ಲಿ. ಅದಕ್ಕೂ ಮೊದಲೇ ಕಿವಿಯಲ್ಲಿ ಯಕ್ಷಗಾನ ತುಂಬಿತ್ತು, ಕರಾವಳಿಯ ಮಗುವಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಮುದ್ದಣ ಎರಡು ಪ್ರಸಂಗ ಬರೆದ, ‘ರತ್ನಾವತಿ ಕಲ್ಯಾಣ’ ಮತ್ತು ‘ಕುಮಾರ ವಿಜಯ’. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಾವು ಪ್ರಸಂಗಕರ್ತನೆಂದರೆ ಏನೆಂದು ಬಲ್ಲವರು. ಆದರೂ ರಾತ್ರಿಯಿಡೀ ಕೂತು ‘ಕುಮಾರ ವಿಜಯ’ ನೋಡಿದವರಲ್ಲಿ ಎಷ್ಟು ಮಂದಿಗೆ ಅದನ್ನು ಬರೆದವನು ‘ಶ್ರೀರಾಮಾಶ್ವಮೇಧ’ದ ಮುದ್ದಣನೇ ಎಂಬುದು ನೆನಪಿರುತ್ತದೆ? ಚೌಕಿಯಲ್ಲಿ ಬಣ್ಣ ಹಚ್ಚುವವರನ್ನು ಕೇಳಿದರೆ ಥಟ್ಟನೆ ಹೇಳಿಯಾರು. ಕುರ್ಚಿಯಲ್ಲಿ ಕೂತ ನಮಗೇ ಅದು ಕಷ್ಟ.

1893ರಲ್ಲಿ ಮದುವೆಯಾಯಿತು. ಹುಡುಗಿ ಕಮಲ, ಘಟ್ಟದ ಮೇಲಿನ ಶಿವಮೊಗ್ಗದ ಕಡೆಯ ಕಾಗೆಕೋಡಮಗ್ಗಿಯವಳು. ಒಂದು ಗಂಡು ಮಗುವೂ ಆಯಿತು. ಇಲ್ಲಿಂದ ಮುಂದೆ ಉಳಿದದ್ದು ಏಳೆಂಟು ವರ್ಷ. ಅವನ ಹೆಸರನ್ನು ಉಳಿಸಿದ ಬರವಣಿಗೆಯೆಲ್ಲ ಹೆಚ್ಚುಕಡಿಮೆ ಆ ಏಳೆಂಟು ವರ್ಷಗಳದ್ದೇ.

ಆ ಬರವಣಿಗೆ ಹೊರಗೆ ಬಂದ ರೀತಿ ವಿಚಿತ್ರವಾದದ್ದು. ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಸೇರಿ 1892ರಿಂದ ‘ಕರ್ನಾಟಕ ಕಾವ್ಯಮಂಜರಿ’ ಎಂಬ ಪತ್ರಿಕೆ ನಡೆಸುತ್ತಿದ್ದರು. ಓಲೆಗರಿಯಲ್ಲಿ ಮಲಗಿದ್ದ ಹಳೆಯ ಕಾವ್ಯಗಳನ್ನು ಅಚ್ಚಿಗೆ ತರುವುದು ಅದರ ಕೆಲಸ. ಉಡುಪಿಯ ಕಡೆಯಿಂದ ಅವರಿಗೆ ಅಂಚೆಯಲ್ಲಿ ಕೃತಿಗಳು ಬಂದವು. ‘ಅದ್ಭುತ ರಾಮಾಯಣ’ 1895ರಲ್ಲಿ ಅಚ್ಚಾಯಿತು. ಸಾವಿರ ತಲೆಯ ರಾವಣನನ್ನು ಸೀತೆಯೇ ಕೊಲ್ಲುವ ಕಥೆಯನ್ನು ಹಳಗನ್ನಡದ ಗದ್ಯದಲ್ಲಿ ಹೇಳುವ ಕೃತಿ ಅದು. ಮರುವರ್ಷ ಷಟ್ಪದಿಯಲ್ಲಿ ‘ಶ್ರೀರಾಮಪಟ್ಟಾಭಿಷೇಕ’ ಬಂತು, ಅದರ ಮೇಲೆ ಮಹಾಲಕ್ಷ್ಮಿ ಎಂಬ ಹೆಸರು. ಆ ಬಳಿಕ ‘ಶ್ರೀರಾಮಾಶ್ವಮೇಧ’. ಯಾವುದರಲ್ಲೂ ನಾನು ಉಡುಪಿಯ ವ್ಯಾಯಾಮದ ಮೇಷ್ಟ್ರು ಲಕ್ಷ್ಮೀನಾರಣಪ್ಪ, ಇದನ್ನು ನಾನೇ ಬರೆದೆ ಎಂಬ ಮಾತಿಲ್ಲ. ಹಳೆಯ ಕವಿಯ ಕೃತಿಯೊಂದು ಕೈಗೆ ಸಿಕ್ಕಿತು, ಕಳಿಸಿದ್ದೇನೆ ಎಂಬ ಧಾಟಿ. ಭಾಷೆ ಎಷ್ಟು ಪಳಗಿತ್ತೆಂದರೆ ಓದಿದವರು ನಂಬಿದರು.

ಯಾಕೆ ಅಡಗಿದ? ಸಂಕೋಚ ಎನ್ನುತ್ತಾರೆ. ನನಗೆ ಅದು ಅರ್ಧ ಉತ್ತರವಾಗಿ ತೋರುತ್ತದೆ. ಹಳೆಯದಕ್ಕೆ ಮಾತ್ರ ಬೆಲೆಯಿದ್ದ ಕಾಲ ಅದು. ಪಂಡಿತ ಪದವಿಯಿಲ್ಲದ, ಸಣ್ಣ ಸಂಬಳದ, ಇಪ್ಪತ್ತೈದರ ಆಸುಪಾಸಿನ ಕಸರತ್ತಿನ ಮೇಷ್ಟ್ರೊಬ್ಬ ಹಳಗನ್ನಡದಲ್ಲಿ ಕಾವ್ಯ ಬರೆದಿದ್ದೇನೆಂದು ಮೈಸೂರಿಗೆ ಕಳಿಸಿದರೆ ತೆರೆದು ನೋಡುವವರಾರು? ಹೆಸರು ಬಿಟ್ಟುಕೊಟ್ಟು ಕೃತಿಯನ್ನು ಉಳಿಸಿಕೊಂಡ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ತನ್ನದೇ ಪುಸ್ತಕವನ್ನು ಮಂದಿ ಹೊಗಳುವಾಗ ಸುಮ್ಮನೆ ನಿಂತು ಕೇಳಬೇಕು, ತೆಗಳುವಾಗಲೂ ಹಾಗೆಯೇ. ‘ಗೋದಾವರಿ’ ಎಂಬ ಕಾದಂಬರಿಯನ್ನೂ ಬರೆಯತೊಡಗಿದ್ದನೆಂದು ಹೇಳುತ್ತಾರೆ, ಅದು ನಮ್ಮ ಕೈಗೆ ಬರಲಿಲ್ಲ.

ಇಷ್ಟನ್ನು ಒಟ್ಟು ಮಾಡಿ ನೋಡಿದರೆ ನಮ್ಮ ಹಿರಿಯರ ತೀರ್ಪು ಸರಿಯೆಂದೇ ಅನಿಸುತ್ತದೆ. ಬಡತನ, ಮೈಮುರಿಯುವ ಕೆಲಸ, ಊರಿಂದೂರಿಗೆ ವರ್ಗ, ಮನಸ್ಸಿನಲ್ಲೇ ಅದುಮಿಟ್ಟ ಆಸೆ. ಕ್ಷಯ ಬಾರದೆ ಇನ್ನೇನು ಬಂದೀತು?

ಹೀಗೆ ಯೋಚಿಸುವವರ ಬೆನ್ನಿಗೆ ದೊಡ್ಡ ಶಾಸ್ತ್ರವೇ ಇದೆ. ಕ್ಷಯಕ್ಕೆ ಆಯುರ್ವೇದದ ಹೆಸರು ರಾಜಯಕ್ಷ್ಮ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿಯೊಬ್ಬಳಲ್ಲೇ ಮನಸ್ಸಿಟ್ಟ, ಮಾವನ ಕೋಪದಿಂದ ಕರಗತೊಡಗಿದ. ನಕ್ಷತ್ರಗಳ ರಾಜನನ್ನು ಹಿಡಿದ ರೋಗವಾದ್ದರಿಂದ ಆ ಹೆಸರು. ಕಥೆಯಲ್ಲೇ ರೋಗದ ಬೇರು ಮನಸ್ಸಿನಲ್ಲಿದೆ. ಚರಕ ಸಂಹಿತೆಯ ನಿದಾನಸ್ಥಾನದಲ್ಲಿ ಈ ರೋಗಕ್ಕೆ ನಾಲ್ಕು ಕಾರಣ ಹೇಳಿದೆ. ಶಕ್ತಿ ಮೀರಿದ ಸಾಹಸ ಮೊದಲನೆಯದು: ತನಗಿಂತ ಬಲಶಾಲಿಯ ಜತೆ ಕುಸ್ತಿ, ಅತಿಭಾರ ಹೊರುವುದು, ಬಹುದೂರ ಈಜುವುದು, ಅತಿಯಾಗಿ ಮಾತಾಡುವುದು. ಎರಡನೆಯದು ದೊಡ್ಡವರ ಎದುರಿನಲ್ಲಿ, ಸಭೆಯಲ್ಲಿ, ನಾಚಿಕೆಯಿಂದಲೋ ಹೆದರಿಕೆಯಿಂದಲೋ ದೇಹದ ವೇಗಗಳನ್ನು ತಡೆದಿಟ್ಟುಕೊಳ್ಳುವುದು. ಮೂರನೆಯದು ಕ್ಷಯ, ಅಂದರೆ ಒಳಗಿನ ಸತ್ವ ಬರಿದಾಗುವುದು. ನಾಲ್ಕನೆಯದು ಹೊತ್ತುಗೊತ್ತಿಲ್ಲದ ಊಟ. ಮುದ್ದಣನಿಗೆ ನಾಲ್ಕೂ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತವೆ. ಆ ಕಾಲದ ಅರ್ಧ ಜಿಲ್ಲೆಗೂ ಹಾಗೆಯೇ ಕೂರುತ್ತಿದ್ದವು ಎಂಬುದನ್ನು ಮರೆಯಬಾರದು.

ಮೂರನೆಯ ಕಾರಣವನ್ನು ಚರಕ ವಿವರಿಸುವ ರೀತಿಯನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಶೋಕ, ಚಿಂತೆ, ಹೊಟ್ಟೆಕಿಚ್ಚು, ಹಂಬಲ, ಭಯ, ಕ್ರೋಧ ಇವುಗಳನ್ನು ಹೆಸರಿಸಿದ ಉಸಿರಿನಲ್ಲೇ ಅವನು ಇನ್ನೊಂದು ಮಾತು ಸೇರಿಸುತ್ತಾನೆ. ಬಡಕಲು ದೇಹದವನು ಜಿಡ್ಡಿಲ್ಲದ ಒಣ ಅನ್ನ ಉಣ್ಣುತ್ತಿದ್ದರೆ, ದುರ್ಬಲನು ಉಪವಾಸವೋ ಅರೆಹೊಟ್ಟೆಯೋ ಇದ್ದರೆ, ಅವನಿಗೂ ಇದೇ ಗತಿ. ಶೋಕವೂ ಅರೆಹೊಟ್ಟೆಯೂ ಅಲ್ಲಿ ಒಂದೇ ಸಾಲಿನಲ್ಲಿವೆ. ನಮ್ಮ ಚಾವಡಿಯ ಮಾತಿನಲ್ಲಿ ಮೊದಲರ್ಧ ಮಾತ್ರ ಉಳಿಯಿತು, ಎರಡನೆಯರ್ಧ ಬಿದ್ದುಹೋಯಿತು. ಕೊರಗಿ ಸತ್ತ ಎನ್ನುವುದರಲ್ಲಿ ಒಂದು ಗೌರವ ಇದೆ. ಉಣ್ಣಲಿಲ್ಲದೆ ಸತ್ತ ಎನ್ನಲು ಯಾವ ಮನೆಯವರಿಗೂ ನಾಲಗೆ ಏಳುವುದಿಲ್ಲ.

ಇತ್ತ ಪಶ್ಚಿಮದಲ್ಲೂ ಇದೇ ನಂಬಿಕೆ ಇತ್ತು. ಎದೆಯ ಸದ್ದು ಕೇಳುವ ಸ್ಟೆತಸ್ಕೋಪನ್ನು 1816ರಲ್ಲಿ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್, ಕ್ಷಯವನ್ನು ಅವನಷ್ಟು ಹತ್ತಿರದಿಂದ ನೋಡಿದವರು ಆಗ ಇರಲಿಲ್ಲ. ದೀರ್ಘಕಾಲದ ದುಃಖವೇ ಈ ರೋಗದ ಮುಖ್ಯ ಕಾರಣ ಎಂದು ಅವನು ಬರೆದ. ಅದಕ್ಕೆ ಕೊಟ್ಟ ಸಾಕ್ಷಿ ಪ್ಯಾರಿಸ್ಸಿನ ಒಂದು ಸನ್ಯಾಸಿನಿಯರ ಮಠ. ಅಲ್ಲಿ ಕಟ್ಟುನಿಟ್ಟಿನ ವ್ರತ, ಮನಸ್ಸನ್ನು ದಂಡಿಸುವ ಶಿಸ್ತು. ಹತ್ತು ವರ್ಷಗಳಲ್ಲಿ ಆ ಮಠದ ಹೆಂಗಸರು ಎರಡು ಮೂರು ಸಲ ಪೂರ್ತಿ ಬದಲಾದಂತಾಯಿತು, ಇದ್ದವರೆಲ್ಲ ಕ್ಷಯಕ್ಕೆ ಬಲಿಯಾಗಿ ಹೊಸಬರು ಬರುತ್ತಿದ್ದರು. ಉಳಿದುಕೊಂಡವರು ಕೆಲವರೇ: ಮಠದ ಹಿರಿಯಳು, ಬಾಗಿಲು ಕಾಯುವವಳು, ತೋಟದ ಮತ್ತು ಅಡುಗೆಯ ಕೆಲಸದವರು, ಇಂಥವರು. ಅವರ ಮನಸ್ಸಿಗೆ ಬೇರೆ ಬೇರೆ ವಿಚಾರಗಳಿದ್ದವು, ಅದಕ್ಕೇ ಬದುಕಿದರು ಎಂದು ಲೆನೆಕ್ ತಿಳಿದ. ಇವತ್ತು ಅದೇ ಪಟ್ಟಿಯನ್ನು ಓದುವ ನಮಗೆ ಬೇರೆಯೇ ಕಾಣುತ್ತದೆ. ಬದುಕಿದವರಲ್ಲಿ ಹೆಚ್ಚಿನವರು ಮುಚ್ಚಿದ ಕೋಣೆಯಲ್ಲಿ ಇತರರ ಕೆಮ್ಮಿನ ನಡುವೆ ಇಡೀ ದಿನ ಕೂರದವರು, ಗಾಳಿ ಬೆಳಕಿನಲ್ಲಿ ಓಡಾಡಿದವರು. ಲೆನೆಕ್ ಕೂಡ 1826ರಲ್ಲಿ ಕ್ಷಯದಿಂದಲೇ ಸತ್ತ. ಕ್ಷಯರೋಗಿಗಳ ಎದೆಗೆ ಕಿವಿಯಿಟ್ಟು ಬದುಕು ಕಳೆದವನು ಅವನು, ಅವನ ರೋಗಕ್ಕೆ ದುಃಖವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಸೂಕ್ಷ್ಮಾಣುವನ್ನು ತೋರಿಸಿದ. ಅಂದರೆ ನಂದಳಿಕೆಯ ಹುಡುಗನಿಗೆ ಹನ್ನೆರಡು ವರ್ಷ ಆದಾಗಲೇ ಇದು ಅಂಟುರೋಗ, ಉಸಿರಿನಿಂದ ಹರಡುವಂಥದ್ದು ಎಂದು ಜಗತ್ತಿಗೆ ಗೊತ್ತಾಗಿತ್ತು. ಗೊತ್ತಾಗುವುದಕ್ಕೂ ಗುಣವಾಗುವುದಕ್ಕೂ ನಡುವೆ ಮಾತ್ರ ಆರು ದಶಕದ ಅಂತರ. ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ, ಐಸೊನಿಯಾಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಮುದ್ದಣ ಮಲಗಿದಾಗ ಕ್ಷಯರೋಗಿಗಳಿಗೆಂದೇ ಒಂದು ಆರೋಗ್ಯಧಾಮ ಕೂಡ ನಮ್ಮ ನಾಡಿನಲ್ಲಿರಲಿಲ್ಲ. ಮೈಸೂರಿನಲ್ಲಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮ ತೆರೆದದ್ದು ಆಮೇಲೆ ಇಪ್ಪತ್ತು ವರ್ಷಕ್ಕೆ. ಲಂಡನ್ನಿನಲ್ಲಿ ಹುಟ್ಟಿದ್ದರೂ ಆ ಕಾಲದಲ್ಲಿ ಅವನಿಗೆ ಮದ್ದಿರಲಿಲ್ಲ. ಚಿಂತೆ ಬಿಟ್ಟಿದ್ದರೆ ಬದುಕುತ್ತಿದ್ದ ಎಂದು ಹೇಳುವವರು ಇದನ್ನು ಮೊದಲು ತಿಳಿಯಬೇಕು.

ಹಾಗೆಂದು ಮನಸ್ಸಿಗೂ ಉಸಿರಿಗೂ ಸಂಬಂಧವೇ ಇಲ್ಲ ಎಂದಲ್ಲ. ಇದೆ, ಅದನ್ನು ಅಳೆದೂ ನೋಡಿದ್ದಾರೆ. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ ಆರೋಗ್ಯವಂತರಾದ 394 ಮಂದಿಯನ್ನು ಅವರ ಒಪ್ಪಿಗೆಯಿಂದಲೇ ಕೂಡಿಸಿ, ಮನಸ್ಸಿನ ಒತ್ತಡ ಎಷ್ಟಿದೆಯೆಂದು ಪ್ರಶ್ನೆ ಕೇಳಿ, ಆಮೇಲೆ ಮೂಗಿಗೆ ಶೀತದ ವೈರಸ್ಸಿನ ಹನಿ ಬಿಟ್ಟರು. 1991ರಲ್ಲಿ ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಜತೆಗಾರರು ಅದರ ಫಲಿತಾಂಶ ಪ್ರಕಟಿಸಿದರು. ಒತ್ತಡ ಕಡಿಮೆಯಿದ್ದವರಲ್ಲಿ ಶೇಕಡಾ 27 ಮಂದಿಗೆ ಶೀತವಾದರೆ, ಒತ್ತಡ ಹೆಚ್ಚಿದ್ದವರಲ್ಲಿ ಅದು ಶೇಕಡಾ 47ರ ತನಕ ಏರಿತ್ತು. ವೈರಸ್ ಇಲ್ಲದೆ ಶೀತವಿಲ್ಲ. ಆದರೆ ಅದೇ ವೈರಸ್ ಯಾರಲ್ಲಿ ಬೇರೂರಬೇಕು ಎಂಬುದರಲ್ಲಿ ಮನಸ್ಸಿಗೂ ಒಂದು ಮತವಿದೆ.

ಉಬ್ಬಸದಲ್ಲಿ ಇದು ಇನ್ನೂ ಸ್ಪಷ್ಟ. ದಮ್ಮಿನ ರೋಗಿಯಿರುವ ಮನೆಯವರಿಗೆ ಹೇಳಬೇಕಾಗಿಲ್ಲ, ಜಗಳವಾದ ರಾತ್ರಿ, ಸಾವಿನ ಸುದ್ದಿ ಬಂದ ರಾತ್ರಿ ಗೂರಲು ಹೆಚ್ಚುತ್ತದೆ. ಬಾಲ್ಟಿಮೋರಿನ ಮೆಕೆಂಜಿ ಎಂಬ ವೈದ್ಯ 1886ರಲ್ಲಿ ಬರೆದ ಒಂದು ರೋಗಿಯ ಕಥೆ ಪ್ರಸಿದ್ಧ. ಗುಲಾಬಿ ಹೂ ಕಂಡರೆ ಉಸಿರು ಕಟ್ಟುತ್ತಿದ್ದ ಹೆಂಗಸಿಗೆ ಅವನು ಕಾಗದದ ಗುಲಾಬಿಯನ್ನು ತೋರಿಸಿದ, ಆಗಲೂ ಅವಳ ಮೂಗು ಕಟ್ಟಿ ಉಸಿರಿಗೆ ಕಷ್ಟವಾಯಿತು. ಆದ್ದರಿಂದ ಅವಳದ್ದು ನಾಟಕ ಎಂದು ತೀರ್ಮಾನಿಸುವುದು ತಪ್ಪು. ಭಯದಿಂದ ಬಂದರೂ ಹೊಗೆಯಿಂದ ಬಂದರೂ ಕಿರಿದಾಗುವುದು ಅದೇ ಶ್ವಾಸನಾಳ, ತೆರೆಯುವುದು ಅದೇ ಇನ್‌ಹೇಲರ್. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಮಂಜೇಶ್ವರ ಕಡೆಯ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಉಸಿರಾಟದ ತೊಂದರೆ ಇದ್ದವರಿಗೆ ಆಗ ರೋಗದ ಜತೆ ರಸ್ತೆಯಿಲ್ಲವೆಂಬ ಗಾಬರಿಯೂ ಸೇರಿತು.

ಕ್ಷಯದ ಲೆಕ್ಕ ಬೇರೆ. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಯೊಳಗೆ ಈ ಸೂಕ್ಷ್ಮಾಣು ಮಲಗಿದೆ ಎಂದು ಅಂದಾಜು. ಅವರಲ್ಲಿ ಇಡೀ ಜೀವಮಾನದಲ್ಲಿ ರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು. ಉಳಿದವರ ದೇಹ ಅದನ್ನು ಕಾವಲಿನಲ್ಲಿಡುತ್ತದೆ. ಕಾವಲು ಸಡಿಲಿಸುವವರು ಯಾರು? ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ ಸಿಗರೇಟು, ಕುಡಿತ, ಎಲ್ಲಕ್ಕಿಂತ ಮೊದಲು ಅಪೌಷ್ಟಿಕತೆ. ದೀರ್ಘ ದುಃಖವೂ ಆ ಸಾಲಿನಲ್ಲಿ ನಿಲ್ಲಬಹುದು. ಅಮೆರಿಕದ ಸಿಯಾಟಲಿನ ಕ್ಷಯ ಆಸ್ಪತ್ರೆಯಲ್ಲಿ ಥಾಮಸ್ ಹೋಮ್ಸ್ ಎಂಬ ವೈದ್ಯ, ರೋಗ ಕಾಣಿಸಿಕೊಳ್ಳುವ ಮುಂಚಿನ ಒಂದೆರಡು ವರ್ಷಗಳಲ್ಲಿ ರೋಗಿಗಳ ಬದುಕಿನಲ್ಲಿ ಕೆಲಸ ಹೋದದ್ದು, ಸಂಸಾರ ಒಡೆದದ್ದು, ಊರು ಬಿಟ್ಟದ್ದು ಒಟ್ಟೊಟ್ಟಿಗೆ ಬಂದಿರುವುದನ್ನು ಕಂಡ. ಆದರೆ ದುಃಖದಲ್ಲಿರುವವನು ಸರಿಯಾಗಿ ಉಣ್ಣುವುದಿಲ್ಲ, ಮಲಗುವುದಿಲ್ಲ. ಮನಸ್ಸು ನೇರವಾಗಿ ಶ್ವಾಸಕೋಶಕ್ಕೆ ಕೈ ಹಾಕಿತೋ, ಹೊಟ್ಟೆಯ ದಾರಿಯಾಗಿ ಹೋಯಿತೋ ಎಂದು ಬೇರ್ಪಡಿಸುವುದು ಸುಲಭವಲ್ಲ.

ಎರಡು ಭಾರತೀಯ ಪ್ರಯೋಗಗಳು ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿದವು. ಮೊದಲನೆಯದು 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದದ್ದು. ಕೆಲವು ಕ್ಷಯರೋಗಿಗಳನ್ನು ಆರೋಗ್ಯಧಾಮದಲ್ಲಿಟ್ಟು ಒಳ್ಳೆಯ ಊಟ, ವಿಶ್ರಾಂತಿ, ಆರೈಕೆ ಕೊಟ್ಟರು. ಇನ್ನು ಕೆಲವರಿಗೆ ಅವರವರ ಕಿಕ್ಕಿರಿದ ಬಡ ಮನೆಗಳಲ್ಲೇ ಅದೇ ಔಷಧ ಕೊಟ್ಟರು. ಮನೆಯವರಿಗೆ ಊಟ ಕಡಿಮೆ, ದುಡಿಮೆ ಹೆಚ್ಚು, ಸಂಸಾರದ ತಾಪತ್ರಯ ತಲೆಯ ಮೇಲೆಯೇ. ಆದರೂ ಗುಣವಾಗುವುದರಲ್ಲಿ ಎರಡು ಗುಂಪುಗಳೂ ಹೆಚ್ಚುಕಡಿಮೆ ಸರಿಸಮವಾದವು. ಔಷಧ ಸರಿಯಾಗಿ ನುಂಗಿದರೆ ಚಿಂತೆಯಿದ್ದರೂ ಕ್ಷಯ ಗುಣವಾಗುತ್ತದೆ ಎಂದಾಯಿತು.

ಎರಡನೆಯದರ ಹಿಂದೆ ಇದ್ದವರು ನಮ್ಮ ಪಕ್ಕದವರೇ, ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳ ಮನೆಗಳಲ್ಲಿದ್ದ 10,345 ಮಂದಿಯನ್ನು ಆರಿಸಿ, ಅರ್ಧದಷ್ಟು ಮನೆಗಳಿಗೆ ರೋಗಿಯ ಪಾಲಿನ ಜತೆಗೆ ಉಳಿದವರಿಗೂ ತಿಂಗಳು ತಿಂಗಳು ಅಕ್ಕಿ, ತೊಗರಿಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಹೊರಬಂತು. ಹೊಟ್ಟೆಗೆ ಸಿಕ್ಕಿದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು, ಅಂಟುವ ಬಗೆಯದ್ದು ಶೇಕಡಾ 48ರಷ್ಟು ಕಡಿಮೆಯಾಗಿತ್ತು. ಅಕ್ಕಿ ಬೇಳೆಯಿಂದ ಇಷ್ಟು. ಚರಕನ ಸಾಲಿನ ಬಿದ್ದುಹೋದ ಅರ್ಧ ತಲಪಾಡಿಯಿಂದ ಅರ್ಧ ಗಂಟೆಯ ದಾರಿಯಲ್ಲೇ ಮತ್ತೆ ಸಿಕ್ಕಿದಂತೆ ನನಗೆ ಕಂಡಿತು.

ಇಷ್ಟುದ್ದ ಹೇಳಲು ಕಾರಣವಿದೆ. ಕ್ಷಯ ಚಿಂತೆಯಿಂದ ಬಂತು ಎನ್ನುವ ಮನೆಯಲ್ಲಿ ಎರಡು ಅನಾಹುತ ಆಗುತ್ತದೆ. ರೋಗಿಗೆ ತಾನೇ ತಂದುಕೊಂಡದ್ದು ಎಂಬ ಅಪರಾಧದ ಹೊರೆ ಬೀಳುತ್ತದೆ. ಚಿಂತೆ ಅಂಟುವುದಿಲ್ಲವಾದ್ದರಿಂದ ಉಳಿದವರು ಪರೀಕ್ಷೆಗೆ ಹೋಗುವುದಿಲ್ಲ. ಮಗಳ ಮದುವೆ ತಪ್ಪೀತೆಂದು ಕೆಮ್ಮನ್ನು ಅಡಗಿಸಿ, ಊರಿನ ಆಸ್ಪತ್ರೆಯಲ್ಲಿ ಕಂಡವರು ಕೇಳಿಯಾರೆಂದು ಗಡಿ ದಾಟಿ ಹೋಗಿ ಬೇರೆ ವಿಳಾಸ ಬರೆಸುವವರೂ ಇದ್ದಾರೆ. ವಿಳಾಸ ತಪ್ಪಿದರೆ ಮಾತ್ರೆ ತಪ್ಪುತ್ತದೆ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಕಂಡರೆ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಾಗಲಿ ಮಂಗಳೂರಿನ ವೆನ್‌ಲಾಕಿನಲ್ಲಾಗಲಿ ಕಫದ ಪರೀಕ್ಷೆಗೂ ಸಾಮಾನ್ಯವಾಗಿ ಆರು ತಿಂಗಳು ನಡೆಯುವ ಔಷಧಕ್ಕೂ ಹಣವಿಲ್ಲ. ರೋಗಿಯ ಆಹಾರಕ್ಕೆಂದು ಕೇಂದ್ರ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಮನಸ್ಸಿನ ಮಾತೂ ಇಲ್ಲಿ ಬರುತ್ತದೆ, ಆದರೆ ಬೇರೆ ಬಾಗಿಲಿನಿಂದ. ಬೇಸರ ಹಿಡಿದ ರೋಗಿ ಮೂರನೆಯ ತಿಂಗಳಲ್ಲಿ ಮಾತ್ರೆ ಬಿಡುತ್ತಾನೆ. ಅವನ ಪಕ್ಕ ಕೂತು ಮಾತಾಡುವ ಒಬ್ಬರು ಬೇಕು.

ಮುದ್ದಣನ ಪಕ್ಕದಲ್ಲಿ ಕಮಲ ಇದ್ದಳು. ಅವನ ಕೊನೆಯ ದೊಡ್ಡ ಕೃತಿ ‘ಶ್ರೀರಾಮಾಶ್ವಮೇಧ’ದ ತುಂಬ ಗಂಡ ಹೆಂಡಿರ ಮಾತುಕತೆ ಹರಿಯುತ್ತದೆ. ಮೂಲಕಥೆ ಪದ್ಮಪುರಾಣದ್ದು, ರಾಮನ ಯಾಗದ ಕುದುರೆಯ ಹಿಂದೆ ಹೋಗುವ ಯುದ್ಧಗಳದ್ದು. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಕುದುರೆಯಲ್ಲ. ಮಳೆಗಾಲದ ಒಂದು ದಿನ, ಹೊರಗಿನಿಂದ ಬಂದ ಗಂಡ, ಉಪಚರಿಸುವ ಹೆಂಡತಿ ಮನೋರಮೆ, ಹೊತ್ತು ಹೋಗಲಿ ಕಥೆ ಹೇಳು ಎಂಬ ಅವಳ ಹಟ. ಅವನು ಸಂಸ್ಕೃತದ ಭಾರ ಹೇರಿದರೆ ಅವಳು ತಡೆಯುತ್ತಾಳೆ, ಪದ್ಯ ಬೇಡ, ಗದ್ಯದಲ್ಲಿ ಹೇಳು, ನನಗೆ ತಿಳಿಯುವ ಕನ್ನಡದಲ್ಲಿ ಹೇಳು ಎನ್ನುತ್ತಾಳೆ. ಅವನು ಜಂಬ ಕೊಚ್ಚಿದರೆ ಕಾಲೆಳೆಯುತ್ತಾಳೆ. ಕಥೆಯ ನಡುವೆ ನಡುವೆ ಬಂದು ತಕರಾರು ತೆಗೆಯುತ್ತಾಳೆ, ಮುನಿಯುತ್ತಾಳೆ, ನಗುತ್ತಾಳೆ. ಮನೋರಮೆ ಎಂದರೆ ಕಮಲಳೇ ಎಂದು ಓದುಗರು ಬಹುಕಾಲದಿಂದ ನಂಬಿದ್ದಾರೆ. ನಾನೂ ನಂಬುತ್ತೇನೆ.

ಕೊರಗಿ ಕೊರಗಿ ಸತ್ತ ಕವಿ ಎಂಬ ಚಿತ್ರ ನನಗೆ ಒಪ್ಪಿಗೆಯಾಗದಿರಲು ಈ ಪುಸ್ತಕವೇ ಕಾರಣ. ಇದು ಅವನ ಬದುಕಿನ ಕೊನೆಯ ವರ್ಷಗಳ ಕೆಲಸ. ರೋಗ ಹತ್ತಿರವಾಗುತ್ತಿದ್ದ ಕಾಲ, ಕೈಯಲ್ಲಿ ಕಾಸಿಲ್ಲದ ಕಾಲ. ಅದರಲ್ಲಿ ಇರುವಷ್ಟು ಸಲಿಗೆ, ನಗೆ, ತುಂಟತನ ಅಲ್ಲಿಯವರೆಗಿನ ಕನ್ನಡ ಗದ್ಯದಲ್ಲಿ ಹುಡುಕಿದರೂ ಸಿಗದು. ದುಃಖ ಇರಲಿಲ್ಲವೆಂದಲ್ಲ. ದುಃಖವಿದ್ದವನು ಹೀಗೂ ಬರೆದ. ಅವನ ಎದೆಯೊಳಗೆ ಸೂಕ್ಷ್ಮಾಣು ಹೊಕ್ಕಿತ್ತು, ತಡೆಯುವಷ್ಟು ಅನ್ನ ಆ ಮೈಗೆ ಬಿದ್ದಿರಲಿಲ್ಲ, ಮದ್ದು ಇನ್ನೂ ಹುಟ್ಟಿರಲಿಲ್ಲ. ಅವನ ಸಾವಿಗೆ ನಾನು ಕೊಡುವ ಕಾರಣ ಇದು. ಚಿಂತೆಗೂ ಅದರಲ್ಲಿ ಒಂದು ಪಾಲಿದ್ದೀತು, ಆದರೆ ಮೊದಲ ಪಾಲು ಅದರದ್ದಲ್ಲ.

1901ರ ಫೆಬ್ರವರಿಯಲ್ಲಿ ಲಕ್ಷ್ಮೀನಾರಣಪ್ಪ ತೀರಿಕೊಂಡ. ಎಳೆಯ ಹೆಂಡತಿ, ಸಣ್ಣ ಮಗು ಉಳಿದರು. ‘ಶ್ರೀರಾಮಾಶ್ವಮೇಧ’ವನ್ನು ಓದಿ ಮೆಚ್ಚುತ್ತಿದ್ದವರಲ್ಲಿ ಹೆಚ್ಚಿನವರಿಗೆ ಆಗ ಅದರ ಕವಿ ತಮ್ಮ ಕಾಲದವನೆಂದೇ ತಿಳಿದಿರಲಿಲ್ಲ, ಹಾಗಾಗಿ ಅವರಿಗೆ ಯಾರೂ ಸತ್ತಿರಲಿಲ್ಲ. ಆ ಹಳೆಯ ಕವಿ ಮುದ್ದಣನೂ ಉಡುಪಿಯ ಕಸರತ್ತಿನ ಮೇಷ್ಟ್ರೂ ಒಬ್ಬನೇ ಎಂಬುದು ವಿದ್ವಾಂಸರ ಶೋಧದಿಂದ ಊರಿಗೆಲ್ಲ ಗೊತ್ತಾಗುವಾಗ ವರ್ಷಗಳು ಕಳೆದಿದ್ದವು. ಮುದ್ದಣ ಮನೋರಮೆಯರ ಸಲ್ಲಾಪ ಆಮೇಲೆ ಪಠ್ಯಪುಸ್ತಕಗಳಿಗೆ ಬಂತು. ಮಕ್ಕಳು ಈಗಲೂ ಕಲಿಯುವುದು ತಾಯಿ ಕರೆಯುತ್ತಿದ್ದ ಹೆಸರನ್ನೇ. ಲಕ್ಷ್ಮೀನಾರಣಪ್ಪ ಎಂಬುದು ಪಾಠದ ಕೆಳಗಿನ ಕವಿಪರಿಚಯದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ.